ಲಿಫ್ಟಿನ ಕವಾಟ: ಅದರ ಚರಿತ್ರೆಯೂ ರಕ್ಷಣಕ್ರಮವೂ

೧. ವಿಷಯಪ್ರವೇಶ

ಎತ್ತರವಾದ ಕಟ್ಟಡಗಳಲ್ಲಿ ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಲಿಫ್ಟೆಂಬ ಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಹಗ್ಗದಿಂದ ಆರಂಭಿಸುವರು. ಹಗ್ಗವು ಹರಿದರೆ ಒಳಗಿರುವವರ ಗತಿಯೇನು ಎಂಬ ಭಯವೇ ಈ ಯಂತ್ರದ ಪ್ರಚಾರಕ್ಕೆ ಮೊದಲು ಅಡ್ಡಿಯಾಗಿದ್ದಿತು. ಆ ಭಯವನ್ನು ನೀಗಿಸಿದವನೇ ಆ ಚರಿತ್ರೆಗೆ ನಾಯಕನಾಗಿರುವನು. ಈ ಕ್ರಮವು ಅಸಾಧುವೆಂದು ಹೇಳುವಂತಿಲ್ಲ, ಆದರೆ ಅಪೂರ್ಣವಾದುದು. ಬಾವಿಯ ಹಗ್ಗವನ್ನು ವರ್ಣಿಸಿ ಅದರ ಕಟ್ಟೆಯನ್ನು ಮರೆತಂತೆ ಇದಾಗಿದೆ. ಹಗ್ಗದ ಭಯವು ಬಹುಮಟ್ಟಿಗೆ ನಿವಾರಣೆಯಾದ ಮೇಲೂ ಜನರು ಈ ಯಂತ್ರದಿಂದ ಗಾಯಗೊಂಡುದೂ ಪ್ರಾಣವನ್ನು ನೀಗಿದುದೂ ಉಂಟು. ಅಂತಹ ಪ್ರಸಂಗಗಳನ್ನು ಪರಿಶೀಲಿಸಿದರೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಸ್ಥಾನವು ಬಾಗಿಲು.

ಆದುದರಿಂದ ಪ್ರಕೃತ ಲೇಖನದಲ್ಲಿ ಹಗ್ಗವನ್ನು ಗೌಣವಾಗಿಟ್ಟು ಬಾಗಿಲನ್ನೇ ಪ್ರಧಾನವಾಗಿ ವಿಚಾರಿಸಲಾಗುವುದು. ಲಿಫ್ಟಿನ ಬಾಗಿಲಿನ ಚರಿತ್ರೆಯೆಂದರೆ ಎಚ್ಚರವನ್ನು ಮನುಷ್ಯನಿಂದ ಯಂತ್ರಕ್ಕೆ ಒಪ್ಪಿಸಿದ ಚರಿತ್ರೆ. ಆದರೆ ಹಾಗೆ ಒಪ್ಪಿಸಿದ ಎಚ್ಚರವು ಯಂತ್ರದಲ್ಲಿಯೇ ನಿಲ್ಲದೆ, ಆ ಯಂತ್ರವನ್ನು ಕಾಯುವ ಮನುಷ್ಯನಲ್ಲಿಗೆ ಹಿಂದಿರುಗುತ್ತದೆ. ಇದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯವು.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸುವುದು ಯುಕ್ತ. ಜನರು ನಿಲ್ಲುವ ಪೆಟ್ಟಿಗೆಯನ್ನು ಇಲ್ಲಿ ಗೂಡೆಂದು ಕರೆದಿದೆ. ಅದು ಓಡಾಡುವ ಉದ್ದನೆಯ ಪೊಳ್ಳು ಭಾಗಕ್ಕೆ ನಮ್ಮ ಸರಕಾರದ ನಿಯಮಗಳಲ್ಲಿಯೂ ಲಿಫ್ಟಿನ ಬಾವಿ ಎಂಬ ಅರ್ಥದ ಹೆಸರೇ ಇದೆ. ಆ ಹೆಸರು ಅತ್ಯಂತ ಸಾರ್ಥಕವಾದುದು. ಬಾಗಿಲುಗಳಾದರೋ ಎರಡು ಬಗೆ. ಗೂಡಿನೊಡನೆಯೇ ಸಂಚರಿಸುವುದು ಒಂದು. ಪ್ರತಿಯೊಂದು ಅಂತಸ್ತಿನಲ್ಲಿಯೂ ಬಾವಿಯ ಬಾಯನ್ನು ಮುಚ್ಚಿಕೊಂಡು ಸ್ಥಿರವಾಗಿರುವುದು ಇನ್ನೊಂದು. ಮೊದಲನೆಯದು ಒಳಗಿರುವವರನ್ನು ಕಾಯುವುದು, ಎರಡನೆಯದು ಹೊರಗಿರುವವರನ್ನು ಕಾಯುವುದು. ಅಮರಸಿಂಹನು ಪುರವರ್ಗದಲ್ಲಿ ಬಾಗಿಲಿನ ಹಲಗೆಗೆ ಕವಾಟ, ಅರರ ಎಂಬ ಹೆಸರುಗಳನ್ನೂ, ಅದನ್ನು ತಡೆದು ನಿಲ್ಲಿಸುವ ಅಡ್ಡದಂಡಕ್ಕೆ ಅರ್ಗಲವೆಂಬ ಹೆಸರನ್ನೂ ಬೇರೆಯಾಗಿ ಹೇಳಿರುವನು. ಹಲಗೆ ಬೇರೆ, ಅಗುಳಿ ಬೇರೆ ಎಂಬ ಈ ವಿವೇಕವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಲಿಫ್ಟಿನ ಚರಿತ್ರೆಯಲ್ಲಿ ಹಲಗೆಯು ಬಂದು ಎಷ್ಟೋ ವರ್ಷಗಳು ಕಳೆದ ಮೇಲೆಯೇ ಅಗುಳಿಯು ಬಂದಿತು. ಆ ನಡುವಿನ ಕಾಲವೇ ಅಪಾಯದ ಕಾಲವು.

೨. ಪ್ರಾಚೀನ ಸ್ಥಿತಿ

ಭಾರವನ್ನು ಮೇಲಕ್ಕೆತ್ತುವ ಯಂತ್ರಗಳು ಪುರಾತನವಾದುವು. ರೋಮ್ ನಗರದಲ್ಲಿ ಕ್ರಿ. ಶ. ೮೦ರಲ್ಲಿ ಆರಂಭೋತ್ಸವವನ್ನು ಕಂಡ ಕೊಲೋಸಿಯಂ ಎಂಬ ಮಹಾರಂಗಸ್ಥಳದ ನೆಲದ ಕೆಳಗೆ, ಆಳುಗಳು ತಿರುಗಣೆಯನ್ನು ಸುತ್ತಿ ಮೃಗಗಳನ್ನೂ ರಂಗಸಾಮಗ್ರಿಗಳನ್ನೂ ಮೇಲಕ್ಕೆತ್ತುವ ಮರದ ಗೂಡುಗಳು ಇದ್ದುವು. ಅಂತಹುದೊಂದನ್ನು ೨೦೧೫ರಲ್ಲಿ ಅಲ್ಲಿಯೇ ಪುನಃ ಕಟ್ಟಿ ನಿಲ್ಲಿಸಿರುವರು. ಗೂಡು ಮೇಲಕ್ಕೆ ಬಂದಾಗ ನೆಲದಲ್ಲಿದ್ದ ಹಲಗೆಯ ಬಾಗಿಲು ತೆರೆದು ಮೃಗವು ರಂಗದ ಮೇಲೆ ಕಾಣಿಸಿಕೊಳ್ಳುತ್ತಿದ್ದಿತು. ಇಲ್ಲಿ ಬಾಗಿಲಿದ್ದುದು ನೋಡುವವರಿಗೆ ಬೆರಗನ್ನುಂಟುಮಾಡುವುದಕ್ಕೆ. ಗೂಡಿನಲ್ಲಿರುವ ಪ್ರಾಣಿಯ ರಕ್ಷಣೆಯನ್ನು ಯಾರೂ ಯೋಚಿಸಿರಲಿಲ್ಲ.

ನಮ್ಮ ದೇಶದ ಗ್ರಂಥಗಳಲ್ಲಿ ಈ ಯಂತ್ರವಿದ್ದಿತೆಂದು ಹೇಳಲು ಕೆಲವರಿಗೆ ಮನಸ್ಸಾಗಬಹುದು. ಹಾಗೆ ಹೇಳುವುದಕ್ಕೆ ಆಧಾರವಿಲ್ಲ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ, ಹನ್ನೊಂದನೆಯ ಶತಮಾನದ ಸಮರಾಂಗಣಸೂತ್ರಧಾರವೆಂಬ ಗ್ರಂಥವನ್ನು ಗಣಪತಿ ಶಾಸ್ತ್ರಿಗಳು ಶೋಧಿಸಿ ಬರೋಡೆಯಿಂದ ೧೯೨೪-೨೫ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಪಡಿಸಿದರು. ಅದರ ಮೂವತ್ತೊಂದನೆಯದಾದ ಯಂತ್ರವಿಧಾನವೆಂಬ ಅಧ್ಯಾಯದಲ್ಲಿ ಬಾಗಿಲನ್ನು ಕಾಯುವ ಯಂತ್ರಪುರುಷನ ಪ್ರಸ್ತಾಪವುಂಟೇ ಹೊರತು ಲಿಫ್ಟಿನ ಕವಾಟವಿಲ್ಲ. ಆದರೆ ಯಂತ್ರವೆಂಬುದು ಹೇಗಿರಬೇಕು ಎಂದು ಗುಣಗಳನ್ನು ಎಣಿಸುವಾಗ ಗ್ರಂಥಕಾರನು ಅಶೈಥಿಲ್ಯ, ಅಗಾಢತೆ ಎಂಬ ಎರಡನ್ನು ಹೇಳಿರುವನು. ಸಡಿಲವಾಗಿಯೂ ಇರಬಾರದು, ಬಿಗಿಯಾಗಿಯೂ ಇರಬಾರದು ಎಂದು ತಾತ್ಪರ್ಯ. ಬೇಡದ ಕಡೆ ಸದ್ದು ಮಾಡಬಾರದೆಂಬುದೂ ಆ ಗುಣಗಳಲ್ಲಿ ಸೇರಿದೆ. ಈ ಮಾತುಗಳ ಉಪಯೋಗವು ಮುಂದೆ ತಿಳಿದುಬರುವುದು. ಪೂರ್ವಿಕರಿಂದ ನಾವು ಪಡೆಯಬೇಕಾದುದು ಇಂತಹ ತತ್ತ್ವವನ್ನೇ ಹೊರತು, ಅವರು ಮಾಡದ ವಸ್ತುವಿನ ಕೀರ್ತಿಯನ್ನಲ್ಲ.

೩. ಹಲಗೆಯ ಕಾಲ

ಅಮೆರಿಕದ ಎಲಿಷಾ ಗ್ರೇವ್ಸ್ ಓಟಿಸನು ೧೮೫೨ರಲ್ಲಿ, ಹಗ್ಗ ಹರಿದರೂ ಗೂಡು ಬೀಳದಂತೆ ತಡೆಯುವ ಸಾಧನವನ್ನು ಕಲ್ಪಿಸಿದನು. ೧೮೫೪ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನೇ ಎತ್ತರದ ಮಣೆಯ ಮೇಲೆ ನಿಂತು, ಹಗ್ಗವನ್ನು ಕಡಿಸಿ, ಮಣೆಯು ಬೀಳದಿರುವುದನ್ನು ಜನರಿಗೆ ತೋರಿಸಿದನು. ೧೮೫೭ನೆಯ ಮಾರ್ಚಿ ತಿಂಗಳಲ್ಲಿ ಅದೇ ನಗರದ ಹಾಟ್‌ವಟ್ ಎಂಬ ವರ್ತಕರ ಐದು ಅಂತಸ್ತಿನ ಅಂಗಡಿಯಲ್ಲಿ ಅವನ ಮೊದಲನೆಯ ಜನವಾಹಕ ಲಿಫ್ಟು ನಡೆಯಲಾರಂಭಿಸಿತು. ಇದು ಎಲ್ಲರೂ ಬಲ್ಲ ಕಥೆ, ವಿಸ್ತರಿಸಬೇಕಾದುದಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಓಟಿಸನ ಸಾಧನವು ಗೂಡಿನೊಳಗಿರುವವನನ್ನು ಕಾಪಾಡಿತು. ಅಂತಸ್ತಿನಲ್ಲಿ ಗೂಡು ಬರುವುದನ್ನು ಎದುರುನೋಡುತ್ತ ನಿಂತವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅವನ ಮುಂದಿರುವುದು ಬಾವಿಯ ಬಾಯಿ. ನಡುವೆ ಇರುವುದು ಒಂದು ಹಲಗೆ ಅಥವಾ ಜಾಲರಿ. ಅದನ್ನು ತೆರೆಯುವವನೂ ಮುಚ್ಚುವವನೂ ಲಿಫ್ಟಿನ ನೌಕರನು, ಕೆಲವೆಡೆ ಪ್ರಯಾಣಿಕನೇ. ನೌಕರನು ಮರೆತರೆ, ಅಥವಾ ಅವಸರದಲ್ಲಿ ಅರ್ಧ ಮುಚ್ಚಿ ಹೋದರೆ, ಗೂಡು ಬೇರೆ ಅಂತಸ್ತಿಗೆ ಹೋಗಿರುವಾಗಲೂ ಬಾಗಿಲು ತೆರೆದೇ ಇರುವುದು. ಮಸುಕಾದ ಬೆಳಕಿನಲ್ಲಿ ಗೂಡು ಇದೆಯೆಂದೇ ತಿಳಿದು ಹೆಜ್ಜೆಯಿಟ್ಟವನು ಬಾವಿಗೆ ಬೀಳುವನು. ಇಲ್ಲಿ ಹಗ್ಗವು ಹರಿಯಲಿಲ್ಲ, ಯಂತ್ರವು ಕೆಡಲಿಲ್ಲ. ಒಬ್ಬನ ಮರೆವು ಇನ್ನೊಬ್ಬನ ಪ್ರಾಣವನ್ನು ಕಳೆಯಿತು. ಕಟ್ಟಡಗಳು ಎತ್ತರವಾದಂತೆಲ್ಲ ಬೀಳುವ ಆಳವೂ ಹೆಚ್ಚುತ್ತ ಬಂದಿತು.

ಬಾಗಿಲಿಲ್ಲದೆಯೇ ಈ ಕಷ್ಟವನ್ನು ದಾಟಬಹುದೆಂದು ಭಾವಿಸಿದವರೂ ಇದ್ದರು. ಯೂರೋಪಿನಲ್ಲಿ ಪಾಟರ್‌ನಾಸ್ಟರ್ ಎಂಬ ಇನ್ನೊಂದು ಬಗೆಯ ಲಿಫ್ಟು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿತು. ಅದರಲ್ಲಿ ಅನೇಕ ಗೂಡುಗಳು ಸರಪಣಿಗೆ ಸೇರಿಕೊಂಡು, ಒಂದು ಕಡೆ ಏರುತ್ತಲೂ ಇನ್ನೊಂದು ಕಡೆ ಇಳಿಯುತ್ತಲೂ ಎಡೆಬಿಡದೆ ಸುತ್ತುತ್ತಿರುವುವು. ಕ್ರೈಸ್ತರು ಜಪಮಾಲೆಯನ್ನು ತಿರುಗಿಸುವಾಗ ಹೇಳುವ ಪ್ರಾರ್ಥನೆಯ ಲ್ಯಾಟಿನ್ ಹೆಸರೇ ಇದಕ್ಕೆ ಬಂದಿದೆ. ಇದಕ್ಕೆ ಬಾಗಿಲೇ ಇಲ್ಲ, ನಿಲ್ಲುವುದೂ ಇಲ್ಲ. ಗೂಡು ಎದುರಿಗೆ ಬಂದಾಗ ಹತ್ತುವವನು ತಾನೇ ಹೆಜ್ಜೆಯಿಟ್ಟು ಹತ್ತಬೇಕು. ಬಾಗಿಲಿಲ್ಲದ ಕಾರಣ ಇದು ನಿಧಾನವಾಗಿ ಮಾತ್ರ ಚಲಿಸಬಲ್ಲುದು. ವೃದ್ಧರಿಗೂ ಮಕ್ಕಳಿಗೂ ಕುಂಟರಿಗೂ ಇದು ಅಪಾಯಕರವಾದುದು. ಪಶ್ಚಿಮ ಜರ್ಮನಿಯಲ್ಲಿ ೧೯೭೪ರಿಂದ ಇದನ್ನು ಹೊಸದಾಗಿ ಕಟ್ಟುವುದು ನಿಷಿದ್ಧವಾಯಿತು. ಎಚ್ಚರದ ಭಾರವೆಲ್ಲವನ್ನೂ ಪ್ರಯಾಣಿಕನ ಮೇಲೆಯೇ ಹೊರಿಸಿದರೆ ಆ ಯಂತ್ರವು ಗಟ್ಟಿಮುಟ್ಟಾದವರಿಗೆ ಮಾತ್ರ ಸಲ್ಲುವುದೆಂಬುದು ಇದರಿಂದ ಸಿದ್ಧವಾಗುತ್ತದೆ.

೪. ಅಲೆಗ್ಜಾಂಡರ್ ಮೈಲ್ಸನ ವಿಷಯವಾದ ವಿವಾದ

ನೌಕರನ ಮರೆವಿಗೆ ಪ್ರತಿವಿಧಾನವನ್ನು ಮೊದಲು ಕಂಡುಹಿಡಿದವರು ಯಾರು? ಈ ಪ್ರಶ್ನೆಗೆ ಈಚಿನ ದಿನಗಳಲ್ಲಿ ಪ್ರಚುರವಾಗಿರುವ ಉತ್ತರವು ಅಲೆಗ್ಜಾಂಡರ್ ಮೈಲ್ಸನೆಂದು. ಇವನು ೧೮೩೮ರಲ್ಲಿ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಹುಟ್ಟಿದ ಕಪ್ಪುಜನಾಂಗದವನು. ವೃತ್ತಿಯಿಂದ ಕ್ಷೌರಿಕನು, ಮಿನ್ನೆಸೋಟ ಸಂಸ್ಥಾನದ ಡುಲೂತ್ ಪಟ್ಟಣದಲ್ಲಿ ನೆಲಸಿ, ಆ ವೃತ್ತಿಯಿಂದ ಹಣವನ್ನು ಗಳಿಸಿ, ಕಟ್ಟಡವನ್ನು ಕಟ್ಟಿಸಿ, ಊರಿನಲ್ಲಿ ಗಣ್ಯನಾದನು. ೧೮೮೭ನೆಯ ಅಕ್ಟೋಬರ್ ೧೧ರಂದು ಇವನಿಗೆ ಲಿಫ್ಟಿನ ಬಾಗಿಲಿನ ವಿಷಯವಾಗಿ ೩,೭೧,೨೦೭ನೆಯ ಅಂಕದ ಪೇಟೆಂಟು ದೊರಕಿತು. ೧೯೧೮ರಲ್ಲಿ ತೀರಿಕೊಂಡನು. ಮಗಳೊಡನೆ ಲಿಫ್ಟಿನಲ್ಲಿ ಹೋಗುತ್ತಿರುವಾಗ ತೆರೆದಿದ್ದ ಬಾಗಿಲನ್ನು ಕಂಡು ಭಯಪಟ್ಟುದೇ ಇದಕ್ಕೆ ಪ್ರೇರಣೆಯಾಯಿತೆಂಬ ಕಥೆಯುಂಟು. ಇದನ್ನು ಐತಿಹ್ಯವೆಂದು ಗಣಿಸಬೇಕೇ ಹೊರತು ಪ್ರಮಾಣವೆಂದಲ್ಲ.

ಇಲ್ಲಿ ಪೂರ್ವಪಕ್ಷವು ಎರಡು ವಿಧವಾಗಿದೆ. ಲಿಫ್ಟನ್ನೇ, ಅಥವಾ ಲಿಫ್ಟಿನ ಬಾಗಿಲನ್ನೇ, ಮೊದಲು ಕಲ್ಪಿಸಿದವನು ಮೈಲ್ಸನೆಂದು ಕೆಲವರು ಬರೆಯುವರು. ಅದಕ್ಕೆ ವಿರುದ್ಧವಾಗಿ, ಜಾನ್ ಮೀಕರ್ ಎಂಬುವನು ೧೮೭೪ರಲ್ಲಿಯೇ ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ ಪೇಟೆಂಟನ್ನು ಪಡೆದಿದ್ದುದರಿಂದ ಮೈಲ್ಸನ ಕೀರ್ತಿಯು ನಿರಾಧಾರವೆಂದು ಇತರರು ಹೇಳುವರು. ಈ ಎರಡು ಪಕ್ಷಗಳೂ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ದೋಷಗಳಿಂದ ಕೂಡಿವೆ. ಮೊದಲನೆಯದು ಮೈಲ್ಸನಿಗೆ ಸಲ್ಲದುದನ್ನೂ ಸಲ್ಲಿಸುವುದು. ಎರಡನೆಯದು ಅವನಿಗೆ ಸಲ್ಲಬೇಕಾದುದನ್ನೂ ಕಿತ್ತುಕೊಳ್ಳುವುದು.

ಸಿದ್ಧಾಂತವನ್ನು ತಿಳಿಯಬೇಕಾದರೆ ಮೈಲ್ಸನ ರಚನೆಯನ್ನೇ ನೋಡಬೇಕು. ಅವನು ಗೂಡಿಗೆ ಬಾಗುವಂತಹ ಒಂದು ಪಟ್ಟಿಯನ್ನು ಸೇರಿಸಿದನು. ಅಂತಸ್ತುಗಳ ಸ್ವಲ್ಪ ಮೇಲೂ ಸ್ವಲ್ಪ ಕೆಳಗೂ ಇಟ್ಟ ಉರುಳೆಗಳನ್ನು ಆ ಪಟ್ಟಿಯು ಮುಟ್ಟಿದಾಗ ಸನ್ನೆಕೋಲುಗಳ ಮೂಲಕ ಅಂತಸ್ತಿನ ಬಾಗಿಲು ತೆರೆಯುವುದು. ಗೂಡು ದಾಟಿಹೋದೊಡನೆ ಮುಚ್ಚುವುದು. ಎಂದರೆ ಬಾಗಿಲನ್ನು ತೆರೆಯುವ ಅಧಿಕಾರವು ಮನುಷ್ಯನ ಕೈಯಿಂದ ಗೂಡಿನ ಸ್ಥಾನಕ್ಕೆ ಬಂದಿತು. ಗೂಡು ಇರುವಲ್ಲಿ ಬಾಗಿಲು ತೆರೆಯುವುದು, ಇಲ್ಲದಲ್ಲಿ ತೆರೆಯದು. ಈ ವ್ಯಾಪ್ತಿಯೇ ಇಂದಿನ ಲಿಫ್ಟಿನ ಬಾಗಿಲುಗಳೆಲ್ಲದರ ಮೂಲತತ್ತ್ವ. ಆ ತತ್ತ್ವವನ್ನು ಅವನೊಬ್ಬನೇ ಹುಟ್ಟಿಸಿದನೆಂದು ಹೇಳಲಾಗದು. ಮೀಕರನೂ ಅದೇ ಹಾದಿಯಲ್ಲಿ ನಡೆದಿದ್ದನು. ಆದರೆ ಅದನ್ನು ಪೂರ್ಣವಾದ ಯಂತ್ರರಚನೆಯಾಗಿ ನಿರೂಪಿಸಿದವರಲ್ಲಿ ಮೈಲ್ಸನು ಗಣ್ಯನೆಂಬುದು ನಿಶ್ಚಯ. ಅಮೆರಿಕದ ಸಂಶೋಧಕರ ಕೀರ್ತಿಮಂದಿರದಲ್ಲಿ ಅವನ ಹೆಸರು ೨೦೦೭ರಲ್ಲಿ ಸೇರಿದುದು ನ್ಯಾಯವಾಗಿಯೇ ಇದೆ. ವರ್ಣದ್ವೇಷವು ಪ್ರಬಲವಾಗಿದ್ದ ದೇಶಕಾಲಗಳಲ್ಲಿ, ಶಿಲ್ಪಶಾಲೆಗಳ ಪರಿಚಯವಿಲ್ಲದ ಒಬ್ಬ ಕ್ಷೌರಿಕನು, ಎಲ್ಲ ವರ್ಣದವರೂ ಹೆಜ್ಜೆಯಿಡುವ ಹೊಸ್ತಿಲನ್ನು ಕಾಯಲು ಮನಸ್ಸಿಟ್ಟನೆಂಬುದು ಉತ್ಪ್ರೇಕ್ಷೆಯಿಲ್ಲದೆಯೇ ದೊಡ್ಡ ವಿಷಯ.

೫. ಅಗುಳಿಯ ಕಾಲ

ಹಲಗೆಯು ತಾನಾಗಿ ಮುಚ್ಚಿದ ಮಾತ್ರಕ್ಕೆ ರಕ್ಷಣೆಯು ಪೂರ್ಣವಾಗಲಿಲ್ಲ. ಮುಚ್ಚಿದ ಬಾಗಿಲನ್ನು ಹೊರಗಿನಿಂದ ಎಳೆದು ತೆರೆಯಬಹುದು. ಬಾಗಿಲು ಮುಚ್ಚಿತೋ ಇಲ್ಲವೋ ಎಂಬುದು ಗೂಡಿಗೆ ತಿಳಿಯದು. ಆದುದರಿಂದ ಎರಡು ನಿಯಮಗಳು ಬೇಕಾದುವು. ಗೂಡು ಎದುರಿಗಿಲ್ಲದಿದ್ದರೆ ಅಂತಸ್ತಿನ ಬಾಗಿಲು ತೆರೆಯಕೂಡದು. ಯಾವುದೊಂದು ಬಾಗಿಲು ತೆರೆದಿದ್ದರೂ ಗೂಡು ಚಲಿಸಕೂಡದು. ಈ ಎರಡನ್ನೂ ಒಂದೇ ಅಗುಳಿಯು ಸಾಧಿಸುವುದು. ಅದು ಬಾಗಿಲನ್ನು ಬಂಧಿಸುವುದಲ್ಲದೆ, ಬಂಧಿಸಿದೆನೆಂಬ ಸಂಗತಿಯನ್ನು ವಿದ್ಯುತ್ತಿನ ಮೂಲಕ ಯಂತ್ರಕ್ಕೆ ತಿಳಿಸುವುದು. ಹೊಸ್ತಿಲಿನ ಮೇಲಿಟ್ಟ ದೀಪವು ಒಳಕ್ಕೂ ಹೊರಕ್ಕೂ ಬೆಳಕನ್ನು ಕೊಡುವಂತೆ, ದೇಹಲೀದೀಪನ್ಯಾಯದಿಂದ, ಈ ಅಗುಳಿಯು ಒಳಗಿನವನನ್ನೂ ಹೊರಗಿನವನನ್ನೂ ಏಕಕಾಲದಲ್ಲಿ ಕಾಯುತ್ತದೆ.

೧೮೮೦ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಸೀಮೆನ್ಸನು ವಿದ್ಯುತ್ತಿನ ಲಿಫ್ಟನ್ನು ಪ್ರದರ್ಶಿಸಿದ್ದನು. ೧೮೯೦ರ ದಶಕದಲ್ಲಿ, ಗುಂಡಿಯನ್ನೊತ್ತಿ ಪ್ರಯಾಣಿಕನೇ ನಡೆಸಬಹುದಾದ ಲಿಫ್ಟುಗಳೂ ಬಂದುವು. ನೌಕರನಿಲ್ಲದ ಕಡೆ ಅವನ ಕಣ್ಣಿಗೆ ಪ್ರತಿಯಾಗಿ ಅಗುಳಿಯು ಅನಿವಾರ್ಯವಾಯಿತು. ೧೯೨೧ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘವು ಲಿಫ್ಟುಗಳ ರಕ್ಷಣೆಗಾಗಿ ಎ ೧೭ ಎಂಬ ನಿಯಮಾವಳಿಯನ್ನು ಮೊದಲ ಸಲ ಪ್ರಕಟಿಸಿತು. ಹಾಗಿದ್ದರೂ ದೊಡ್ಡ ಕಟ್ಟಡಗಳಲ್ಲಿ ನೌಕರರೇ ಮುಂದುವರಿದರು. ಬಾಗಿಲನ್ನು ಯಂತ್ರಕ್ಕೊಪ್ಪಿಸಲು ಜನರಿಗೆ ಧೈರ್ಯವಿರಲಿಲ್ಲ. ೧೯೪೫ನೆಯ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಫ್ಟಿನ ನೌಕರರೂ ದ್ವಾರಪಾಲಕರೂ ಮುಷ್ಕರವನ್ನು ಹೂಡಿದಾಗ ಆ ನಗರದ ಎತ್ತರದ ಕಟ್ಟಡಗಳ ವ್ಯವಹಾರವು ಸ್ತಬ್ಧವಾಯಿತು. ಕಟ್ಟಡಗಳ ಒಡೆಯರು ನೌಕರನಿಲ್ಲದ ಲಿಫ್ಟಿನ ಕಡೆಗೆ ತಿರುಗಲು ಇದೊಂದು ಕಾರಣವಾಯಿತು. ೧೯೫೦ರಲ್ಲಿ ಡಲ್ಲಾಸ್ ನಗರದ ಒಂದು ದೊಡ್ಡ ಕಟ್ಟಡದಲ್ಲಿ ಓಟಿಸ್ ಸಂಸ್ಥೆಯವರು ನೌಕರರಿಲ್ಲದೆಯೇ ನಡೆಯುವ ಲಿಫ್ಟುಗಳ ಸಮೂಹವನ್ನು ಸ್ಥಾಪಿಸಿದರು.

ಆಗ ಹೊಸ ಸಮಸ್ಯೆಯೊಂದು ತಲೆದೋರಿತು. ತಾನಾಗಿ ಮುಚ್ಚುವ ಬಾಗಿಲಿಗೆ ದಯೆಯಿಲ್ಲ. ನಡುವೆ ಮಗುವಿದ್ದರೂ ಅದಕ್ಕೆ ತಿಳಿಯದು. ಇದಕ್ಕಾಗಿ ಬಾಗಿಲಿನ ಅಂಚಿಗೆ, ಮುಟ್ಟಿದೊಡನೆ ಹಿಂದಕ್ಕೆ ಸರಿಯುವ ಪಟ್ಟಿಯನ್ನು ಇಟ್ಟರು. ಅನಂತರ ಬೆಳಕಿನ ಕಿರಣವು ತಡೆಯಲ್ಪಟ್ಟರೆ ತೆರೆಯುವ ಏರ್ಪಾಡನ್ನು ಮಾಡಿದರು. ಇಂದು ಕಣ್ಣಿಗೆ ಕಾಣದ ಅನೇಕ ಕಿರಣಗಳು ಬಾಗಿಲಿನ ಎತ್ತರಕ್ಕೂ ತೆರೆಯಂತೆ ಹರಡಿರುವುವು. ಇಷ್ಟಾದರೂ, ಮುಚ್ಚುತ್ತಿರುವ ಬಾಗಿಲನ್ನು ತಡೆಯಲು ಬೇಕಾಗುವ ಬಲವು ೧೫೦ ನ್ಯೂಟನ್ನುಗಳನ್ನು, ಎಂದರೆ ಸುಮಾರು ೧೫ ಕಿಲೋಗ್ರಾಮುಗಳ ಭಾರಕ್ಕೆ ಸಮನಾದ ಬಲವನ್ನು, ಮೀರಕೂಡದೆಂದು ಯೂರೋಪಿನ ನಿಯಮವಿದೆ. ಅಗುಳಿಯು ಕನಿಷ್ಠ ೭ ಮಿಲಿಮೀಟರುಗಳಷ್ಟು ಒಳಹೊಕ್ಕ ಮೇಲೆಯೇ ಗೂಡು ಹೊರಡಬೇಕೆಂಬುದೂ ಅದೇ ನಿಯಮದಲ್ಲಿದೆ. ಒಂದು ಅಕ್ಕಿಕಾಳಿನ ಉದ್ದದಷ್ಟು ಲೋಹದ ಮೇಲೆ ಅಷ್ಟು ಜನರ ಪ್ರಾಣವು ನಿಂತಿದೆಯೆಂದು ಹೇಳಬಹುದು.

೬. ನಮ್ಮ ದೇಶದಲ್ಲಿ

ಭಾರತದಲ್ಲಿ ಬಹು ಹಿಂದಿನ ಲಿಫ್ಟುಗಳಲ್ಲೊಂದು ಕಲ್ಕತ್ತೆಯ ರಾಜಭವನದಲ್ಲಿ ೧೮೯೨ರಲ್ಲಿ ಸ್ಥಾಪಿತವಾದುದು. ಹಕ್ಕಿಯ ಪಂಜರದಂತಿರುವ ಗೂಡು ಅದಕ್ಕಿದೆ. ಆ ಬಳಿಕ ಮುಂಬಯಿ, ಕಲ್ಕತ್ತ ಮೊದಲಾದ ನಗರಗಳಲ್ಲಿ ಹರಡಿದ ಲಿಫ್ಟುಗಳಲ್ಲಿ ಕೊಲಾಪ್ಸಿಬಲ್ ಗೇಟೆಂದು ಜನರು ಕರೆಯುವ, ಮಡಿಚಿಕೊಳ್ಳುವ ಕಬ್ಬಿಣದ ಜಾಲರಿ ಬಾಗಿಲೇ ರೂಢವಾಯಿತು. ಅದರಿಂದ ಗಾಳಿ ಬೆಳಕುಗಳು ಒಳಬರುವುವು, ವೆಚ್ಚವೂ ಕಡಿಮೆ. ಆದರೆ ಗೂಡು ಚಲಿಸುತ್ತಿರುವಾಗ ಸಂದಿನಿಂದ ಕೈಯೋ ಸೆರಗೋ ಹೊರಬಂದರೆ ಅನರ್ಥವಾಗುವುದು. ಮಡಿಕೆಗಳ ನಡುವೆ ಬೆರಳು ಸಿಕ್ಕುವುದೂ ಉಂಟು. ಆದುದರಿಂದಲೇ ಈಚಿನ ನಿಯಮಗಳು ರಂಧ್ರವಿಲ್ಲದ ಬಾಗಿಲನ್ನು ವಿಧಿಸುತ್ತವೆ.

ಮುಂಬಯಿ ಪ್ರಾಂತ್ಯದಲ್ಲಿ ೧೯೩೯ರಲ್ಲಿ ಲಿಫ್ಟುಗಳ ಕಾಯಿದೆಯು ಜಾರಿಯಾಯಿತು. ಪಶ್ಚಿಮ ಬಂಗಾಳದಲ್ಲಿ ೧೯೫೫ರಲ್ಲಿಯೂ, ಕರ್ನಾಟಕದಲ್ಲಿ ೧೯೭೪ರಲ್ಲಿಯೂ ಇಂತಹ ಕಾಯಿದೆಗಳಾದುವು. ನಮ್ಮ ರಾಜ್ಯದಲ್ಲಿ ೨೦೧೨ರಲ್ಲಿ, ಚಲಿಸುವ ಮೆಟ್ಟಲುಗಳನ್ನೂ ಸೇರಿಸಿಕೊಂಡು, ಹೊಸ ಕಾಯಿದೆಯು ರಚಿತವಾಯಿತು. ಕಾಯಿದೆಯು ಪರೀಕ್ಷೆಯನ್ನು ವಿಧಿಸಬಲ್ಲುದು. ಆದರೆ ಪರೀಕ್ಷೆಗೂ ಪರೀಕ್ಷೆಗೂ ನಡುವಣ ದಿನಗಳಲ್ಲಿ ಬಾಗಿಲನ್ನು ಕಾಯುವವರು ಬೇರೆಯೇ.

೭. ರಕ್ಷಣಕ್ರಮ

ಲಿಫ್ಟಿನ ಅಂಗಗಳಲ್ಲಿ ಬಾಗಿಲಿನಷ್ಟು ದುಡಿಯುವ ಅಂಗವು ಬೇರೊಂದಿಲ್ಲ. ಗೂಡು ಒಂದು ಸಲ ನಿಂತರೆ ಬಾಗಿಲು ಎರಡು ಸಲ ಚಲಿಸಬೇಕು. ಅದರ ಮೇಲೆಯೇ ಜನರ ಕೈ, ಕಾಲು, ಸಾಮಾನು, ಧೂಳು, ನೀರು ಎಲ್ಲವೂ ಬೀಳುವುವು. ಆದುದರಿಂದ ಲಿಫ್ಟು ನಿಂತುಹೋಯಿತೆಂಬ ದೂರುಗಳಲ್ಲಿ ಬಾಗಿಲಿನ ದೋಷವೇ ಹೆಚ್ಚಾಗಿರುವುದು ಆಶ್ಚರ್ಯವಲ್ಲ.

ಬಾಗಿಲಿನ ರಚನೆಯು ಸಂಕ್ಷೇಪವಾಗಿ ಹೀಗಿದೆ. ಚಲನೆಯನ್ನುಂಟುಮಾಡುವ ಮೋಟಾರು ಗೂಡಿನ ತಲೆಯ ಮೇಲಿರುವುದು. ಅಂತಸ್ತಿನ ಬಾಗಿಲುಗಳಿಗೆ ಮೋಟಾರಿಲ್ಲ. ಗೂಡು ಅಂತಸ್ತಿಗೆ ಸಮನಾಗಿ ಬಂದಾಗ ಗೂಡಿನ ಬಾಗಿಲಿನಲ್ಲಿರುವ ಲೋಹದ ಪಟ್ಟಿಯು ಅಂತಸ್ತಿನ ಅಗುಳಿಗೆ ಸೇರಿದ ಚಿಕ್ಕ ಉರುಳೆಗಳನ್ನು ಹಿಡಿದು, ಅಗುಳಿಯನ್ನು ಬಿಡಿಸಿ, ಬಾಗಿಲನ್ನು ಜೊತೆಯಲ್ಲಿ ಎಳೆದುಕೊಂಡು ಹೋಗುವುದು. ಬಾಗಿಲು ಮೇಲ್ಗಡೆ ಉರುಳೆಗಳಿಂದ ಹಳಿಯ ಮೇಲೆ ತೂಗುತ್ತಿರುವುದು. ಕೆಳಗಡೆ ಹೊಸ್ತಿಲಿನ ಕಾಲುವೆಯಲ್ಲಿ ಚಿಕ್ಕ ಜಾರುಗಟ್ಟಿಗಳಿಂದ ನೇರವಾಗಿ ನಡೆಯುವುದು. ಗೂಡು ಇಲ್ಲದಾಗ ಅಂತಸ್ತಿನ ಬಾಗಿಲು ತೆರೆದುಕೊಂಡಿದ್ದರೆ ಭಾರದ ತುಂಡಾಗಲಿ ಸುರುಳಿಯಾಗಲಿ ಅದನ್ನು ಎಳೆದು ಮುಚ್ಚುವುದು.

ಇವುಗಳಲ್ಲಿ ಪ್ರತಿಯೊಂದಕ್ಕೂ ಭೋಜನ ಗ್ರಂಥದಲ್ಲಿ ಹೇಳಿದ ಎರಡು ಗುಣಗಳನ್ನು ಅನ್ವಯಿಸಬಹುದು. ಉರುಳೆಯು ಸವೆದು ಬಾಗಿಲು ಜೋತರೆ ಶೈಥಿಲ್ಯ. ಜಾರುಗಟ್ಟಿಯು ಹೊಸ್ತಿಲನ್ನು ಉಜ್ಜಿದರೆ ಗಾಢತೆ. ಪಟ್ಟಿಗೂ ಉರುಳೆಗೂ ಅಂತರವು ಹೆಚ್ಚಾದರೆ ಬಾಗಿಲು ತೆರೆಯದು. ಕಡಿಮೆಯಾದರೆ, ನಿಲ್ಲದೆ ದಾಟುವಾಗಲೂ ಗೂಡು ಅಗುಳಿಯನ್ನು ತಾಕಿ ನಡುವೆಯೇ ನಿಲ್ಲುವುದು. ಅಗುಳಿಯ ವಿದ್ಯುತ್ಸಂಧಿಗೆ ಧೂಳು ಹಿಡಿದರೆ, ಬಾಗಿಲು ಮುಚ್ಚಿದ್ದರೂ ಮುಚ್ಚಿಲ್ಲವೆಂದೇ ಯಂತ್ರವು ತಿಳಿಯುವುದು. ಕಿರಣಗಳ ಗಾಜು ಮಸುಕಾದರೆ ಯಾರೂ ಇಲ್ಲದಿದ್ದರೂ ಬಾಗಿಲು ಮತ್ತೆ ಮತ್ತೆ ತೆರೆಯುವುದು. ಹಿಂದೆ ಇರದಿದ್ದ ಸದ್ದು ಕೇಳಿಬಂದರೆ ಅದು ಮೊದಲನೆಯ ಲಕ್ಷಣ; ರೋಗವು ಬಲಿಯುವುದಕ್ಕೆ ಮುಂಚೆ ವೈದ್ಯನು ನಾಡಿಯನ್ನು ನೋಡುವಂತೆ ಅದನ್ನು ಕೇಳಬೇಕು.

ದೋಷವನ್ನು ಹುಡುಕುವ ರೀತಿಯನ್ನು ನಾನು ಕಣ್ಣಾರೆ ಕಂಡ ಪ್ರಸಂಗವೊಂದರಿಂದ ತಿಳಿಸುವೆನು. ಬೆಂಗಳೂರಿನಲ್ಲಿ ಬಂಧುಗಳ ಮನೆಗೆ ಮದುವೆಯ ನಿಮಿತ್ತ ಹೋಗಿದ್ದೆನು. ಬಹುಮಹಡಿಯ ಆ ಕಟ್ಟಡದಲ್ಲಿ ಅಂದು ಬೆಳಗ್ಗೆ ಲಿಫ್ಟು ಮೂರನೆಯ ಅಂತಸ್ತಿಗೆ ಬಂದು ನಿಂತುಬಿಟ್ಟಿತು. ಬಾಗಿಲು ಮುಚ್ಚಲು ಹೋಗಿ, ಎರಡು ಬೆರಳಿನಷ್ಟು ಉಳಿದಾಗ, ಮತ್ತೆ ತೆರೆಯುವುದು. ವೃದ್ಧರು ಕೆಳಗೆ ಕಾಯುತ್ತಿದ್ದರು. ಬಂದ ಮೆಕ್ಯಾನಿಕ್ಕು ಚಿಕ್ಕ ವಯಸ್ಸಿನ ಹುಡುಗನು. ಅವನು ಮೊದಲು ಗೂಡನ್ನು ತನ್ನ ವಶಕ್ಕೆ ತೆಗೆದುಕೊಂಡು ಬೇರೆ ಅಂತಸ್ತುಗಳಿಗೆ ಮೆಲ್ಲಗೆ ಒಯ್ದು ನೋಡಿದನು. ಅಲ್ಲೆಲ್ಲ ಬಾಗಿಲು ಸರಿಯಾಗಿ ಮುಚ್ಚಿತು. ಮೋಟಾರೂ ಗೂಡಿನ ಬಾಗಿಲೂ ಕಿರಣಗಳೂ ಎಲ್ಲ ಅಂತಸ್ತುಗಳಿಗೂ ಸಮಾನ. ದೋಷವು ಅವುಗಳಲ್ಲಿದ್ದರೆ ಎಲ್ಲೆಡೆಯೂ ಕಾಣಬೇಕಾಗಿದ್ದಿತು. ಮೂರನೆಯ ಅಂತಸ್ತಿನಲ್ಲಿ ಮಾತ್ರ ಕಾಣುವುದರಿಂದ ಕಾರಣವು ಆ ಅಂತಸ್ತಿನ ಬಾಗಿಲಿನಲ್ಲಿಯೇ ಇರಬೇಕು. ನಾವು ಪಾಠಶಾಲೆಯಲ್ಲಿ ಅನ್ವಯವ್ಯತಿರೇಕವೆಂದು ವರ್ಷಗಟ್ಟಳೆ ಓದಿದುದನ್ನು ಈ ಹುಡುಗನು ಹೆಸರನ್ನೇ ಕೇಳದೆ ಅನುಷ್ಠಾನದಲ್ಲಿಟ್ಟಿದ್ದನು.

ಅವನು ಹುಡುಕುತ್ತಿರುವಾಗಲೇ ಕಟ್ಟಡದ ಹಿರಿಯರೊಬ್ಬರು ಅವಸರಪಟ್ಟು, ಅಗುಳಿಯ ತಂತಿಗಳೆರಡನ್ನು ಜೋಡಿಸಿ ಹೇಗಾದರೂ ಓಡಿಸಿಬಿಡೆಂದು ಕೇಳಿದರು. ಹಾಗೆ ಮಾಡುವ ವಾಡಿಕೆಯು ಅವರಿಗೆ ತಿಳಿದಿದ್ದಿತು. ಹುಡುಗನು ತಲೆಯೆತ್ತದೆ, "ಸ್ವಾಮಿ, ತಂತಿ ಸೇರಿಸಿದರೆ ಲಿಫ್ಟು ಓಡುತ್ತೆ, ಆದರೆ ಬಾಗಿಲು ತೆಗೆದಿದ್ದರೂ ಓಡುತ್ತೆ" ಎಂದನು. ಅನಂತರ ಹೊಸ್ತಿಲಿನ ಕಾಲುವೆಯನ್ನು ಕಡ್ಡಿಯಿಂದ ಕೆದಕಿದನು. ಹಬ್ಬದಿಂದ ಹಬ್ಬಕ್ಕೆ ಲಿಫ್ಟಿನ ಮುಂದೆ ಇಟ್ಟ ರಂಗೋಲಿಯ ಪುಡಿಯು ಅಲ್ಲಿ ಹೆಪ್ಪುಗಟ್ಟಿದ್ದಿತು. ಅದರ ನಡುವೆ ಒಡೆದ ಗಾಜಿನ ಬಳೆಯ ಚೂರೊಂದು ಸಿಕ್ಕಿಕೊಂಡಿದ್ದಿತು. ಅದನ್ನು ತೆಗೆದು ಒರಸಿದೊಡನೆ ಬಾಗಿಲು ಮುಚ್ಚಿತು. ಕಾಲುಗಂಟೆಯ ಕೆಲಸ.

ತಂತಿಯನ್ನು ಜೋಡಿಸುವ ಈ ವಾಡಿಕೆಯು ನಮ್ಮಲ್ಲಿ ಮಾತ್ರವಿರುವುದಲ್ಲ. ರಿಪೇರಿಯ ಸಮಯದಲ್ಲಿ ಅದು ಕೆಲವೊಮ್ಮೆ ಅಗತ್ಯವೂ ಆಗಬಹುದು. ಆದರೆ ಕೆಲಸ ಮುಗಿದ ಮೇಲೆ ತಂತಿಯನ್ನು ತೆಗೆಯಲು ಮರೆತರೆ, ಲಿಫ್ಟು ೧೮೫೭ರ ಸ್ಥಿತಿಗೆ, ನೌಕರನೂ ಇಲ್ಲದ ೧೮೫೭ಕ್ಕೆ, ಹಿಂದಿರುಗುವುದು. ಯೂರೋಪಿನಲ್ಲಿ ೨೦೧೪ರಲ್ಲಿ ಪ್ರಕಟವಾದ ಇ. ಎನ್. ೮೧-೨೦ ಎಂಬ ನಿಯಮವು ಈ ಮರೆವನ್ನೇ ಗುರುತಿಸಿ, ತಂತಿಯ ಬದಲು ನಿಯತವಾದ ಸಾಧನವನ್ನೇ ಯಂತ್ರದಲ್ಲಿ ಇಡಬೇಕೆಂದೂ, ಅದು ಪ್ರಯೋಗದಲ್ಲಿರುವಾಗ ಲಿಫ್ಟು ಜನರನ್ನು ಸಾಮಾನ್ಯವಾಗಿ ಒಯ್ಯಲಾಗದಂತಿರಬೇಕೆಂದೂ ವಿಧಿಸಿತು. ಇದರಂತೆಯೇ ಅಂತಸ್ತಿನ ಬಾಗಿಲನ್ನು ಆಪತ್ಕಾಲದಲ್ಲಿ ಹೊರಗಿನಿಂದ ತೆರೆಯುವ ತ್ರಿಕೋನಾಕಾರದ ಬೀಗದ ಕೈಯೂ ಒಂದುಂಟು. ಅದು ತಿಳಿದವರ ಕೈಯಲ್ಲಿ ಮಾತ್ರವಿರಬೇಕು. ಅದರಿಂದ ಬಾಗಿಲನ್ನು ತೆರೆದವನು ಗೂಡು ಎದುರಿಗಿದೆಯೆಂದು ಊಹಿಸದೆ ಕಣ್ಣಿನಿಂದ ನೋಡಿಯೇ ಹೆಜ್ಜೆಯಿಡಬೇಕು; ಇಲ್ಲಿ ಅನುಮಾನಪ್ರಮ��ಣಕ್ಕೆ ಸ್ಥಾನವಿಲ್ಲ, ಪ್ರತ್ಯಕ್ಷವೊಂದೇ ಪ್ರಮಾಣ.

೮. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಲಿಫ್ಟಿನ ಬಾಗಿಲಿನ ಚರಿತ್ರೆಯಲ್ಲಿ ಮೂರು ಅವಸ್ಥೆಗಳು ಕಾಣಬರುತ್ತವೆ. ಮೊದಲು ಹಲಗೆಯಿದ್ದಿತು, ಅದನ್ನು ಕಾಯುವ ನೌಕರನಿದ್ದನು. ಅನಂತರ ಮೀಕರ್, ಮೈಲ್ಸ್ ಮೊದಲಾದವರ ಪ್ರಯತ್ನದಿಂದ ಹಲಗೆಯು ಗೂಡಿಗೆ ಅಧೀನವಾಯಿತು. ಕೊನೆಗೆ ಅಗುಳಿಯು ಬಂದು ಗೂಡೂ ಬಾಗಿಲಿಗೆ ಅಧೀನವಾಯಿತು. ಈ ಪರಸ್ಪರಾಧೀನತೆಯಲ್ಲಿಯೇ ಇಂದಿನ ರಕ್ಷಣೆಯು ನೆಲೆಗೊಂಡಿದೆ.

ನೌಕರನು ಹೋದನೆಂದು ನಾವು ಭಾವಿಸುವೆವು. ವಾಸ್ತವವಾಗಿ ಅವನು ಗೂಡಿನಿಂದ ಹೊರಟು ಗೂಡಿನ ತಲೆಯ ಮೇಲೆ ಕುಳಿತಿರುವನು. ತಿಂಗಳಿಗೊಮ್ಮೆ ಬಂದು ಹಳಿಯನ್ನೊರಸಿ, ಉರುಳೆಯನ್ನು ತಿರುಗಿಸಿ, ಅಗುಳಿಯನ್ನು ಪರೀಕ್ಷಿಸುವ ಮೆಕ್ಯಾನಿಕ್ಕನೇ ಅವನು. ಅವನನ್ನು ಅವಸರಪಡಿಸುವವರೂ, ಅವನ ಕೆಲಸಕ್ಕೆ ಕೊಡಬೇಕಾದ ಹಣದಲ್ಲಿ ಉಳಿತಾಯವನ್ನೆಣಿಸುವವರೂ ತಮ್ಮ ಮನೆಯ ಮುಂದಿರುವ ಬಾವಿಯ ಕಟ್ಟೆಯನ್ನು ತಾವೇ ಕೀಳುವವರಾಗುವರು. ಡುಲೂತಿನ ಕ್ಷೌರಿಕನು ಕಂಡ ತತ್ತ್ವವು ಇಂದು ಲೋಕದ ಎಲ್ಲ ಲಿಫ್ಟುಗಳಲ್ಲಿಯೂ ಇದೆ. ಅದನ್ನು ಪ್ರತಿದಿನವೂ ಸತ್ಯವಾಗಿರಿಸುವುದು ಮಾತ್ರ, ಹೊಸ್ತಿಲಿನ ಕಾಲುವೆಯಿಂದ ಬಳೆಯ ಚೂರನ್ನು ಹೆಕ್ಕಿ ತೆಗೆಯುವ ಆ ಹುಡುಗನಂತಹವರ ಕೈಯಲ್ಲಿದೆ. ಇತ್ಯಲಂ.